ಅರ್ಧಕ್ಕೆ ನಿಂತ ಅನ್‌ಇನ್‌ಸ್ಟಾಲ್: ಹಳೇ ಆ್ಯಂಟಿವೈರಸ್ಸನ್ನು ಪೂರ್ತಿ ತೆಗೆಯುವುದು ಹೇಗೆ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ತೋಟದ ಲೆಕ್ಕಪತ್ರಕ್ಕೆ ಒಂದು ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇವೆ, ವಿಂಡೋಸ್ 11. ಆ್ಯಂಟಿವೈರಸ್ ಅವಧಿ ಮುಗಿಯಿತು ಎಂದು ಅನ್‌ಇನ್‌ಸ್ಟಾಲ್ ಮಾಡಲು ಹೋದೆ. ಮಧ್ಯದಲ್ಲೇ ಕರೆಂಟು ಹೋಯಿತು. ಈಗ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆದರೆ ಫೋಲ್ಡರ್ ಹಾಗೇ ಕೂತಿದೆ. ಡಿಲೀಟ್ ಮಾಡಿದರೆ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಇನ್ನೂ ಹಳೇ ಹೆಸರೇ ಇದೆ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಆನ್ ಆಗುತ್ತಿಲ್ಲ. ಬಲಗಡೆ ಮೂಲೆಯಲ್ಲಿ ಆಗಾಗ ‘ನಿಮ್ಮ ರಕ್ಷಣೆ ಮುಗಿದಿದೆ’ ಎಂಬ ಸಂದೇಶ ಬೇರೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ಫಾರ್ಮ್ಯಾಟ್ ಬೇಕಾಗುವ ಕೇಸ್ ಇದಲ್ಲ. ಆದರೆ ಒಂದು ಕೆಲಸವನ್ನು ಇವತ್ತಿನಿಂದಲೇ ನಿಲ್ಲಿಸಿ. ಆ ಫೋಲ್ಡರ್ ಒಳಗಿನ ಫೈಲ್‌ಗಳನ್ನು ಕೈಯಿಂದ ಡಿಲೀಟ್ ಮಾಡಲು ನೋಡಬೇಡಿ. ಈಗಾಗಲೇ ಒಂದಷ್ಟು ಮಾಡಿದ್ದರೆ ಪರವಾಗಿಲ್ಲ, ಇನ್ನು ಮುಂದೆ ಬೇಡ.

ಕಾರಣ ಹೇಳುತ್ತೇನೆ. ‘ಫೈಲ್ ಉಳಿದಿದೆ’ ಎಂಬುದು ನಿಮ್ಮ ನಿಜವಾದ ತೊಂದರೆಯಲ್ಲ. ಸಾಫ್ಟ್‌ವೇರ್‌ಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ‘ಪ್ರೋಗ್ರಾಂ ಡೇಟಾ’ದಲ್ಲಿ ಸತ್ತು ಬಿದ್ದಿರುವ ಫೋಲ್ಡರ್ ಹತ್ತು ವರ್ಷ ಅಲ್ಲೇ ಇದ್ದರೂ ಕಂಪ್ಯೂಟರಿಗೆ ಏನೂ ಆಗಲ್ಲ, ಸ್ವಲ್ಪ ಜಾಗ ತಿನ್ನುತ್ತದೆ ಅಷ್ಟೆ. ತೊಂದರೆ ಕೊಡುವುದು ಎರಡೇ. ಒಂದು, ವಿಂಡೋಸ್ ಜೊತೆಗೇ ಎದ್ದು ಅದರ ಒಳಗೇ ಕೆಲಸ ಮಾಡುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂಗಳು. ಇನ್ನೊಂದು, ‘ಈ ಕಂಪ್ಯೂಟರಿನ ಕಾವಲು ನನ್ನದು’ ಎಂದು ಆ್ಯಂಟಿವೈರಸ್ ವಿಂಡೋಸ್ ಬಳಿ ಬರೆಸಿಟ್ಟಿರುವ ನೋಂದಣಿ. ನಿಮ್ಮ ಡಿಫೆಂಡರ್ ಏಳದಿರುವುದು ಈ ಎರಡನೆಯದರಿಂದ. ಮನೆಬಳಕೆಯ ವಿಂಡೋಸ್‌ನಲ್ಲಿ ಬೇರೆ ಆ್ಯಂಟಿವೈರಸ್ ನೋಂದಣಿಯಾದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅನ್‌ಇನ್‌ಸ್ಟಾಲ್ ಪೂರ್ತಿಯಾದಾಗ ಆ ನೋಂದಣಿ ಅಳಿಯಬೇಕು. ನಿಮ್ಮಲ್ಲಿ ಅಳಿಸುವ ಮೊದಲೇ ಕರೆಂಟು ಹೋಗಿದೆ. ಅಂದರೆ ಈಗ ನಿಮ್ಮ ಕಂಪ್ಯೂಟರಿಗೆ ಹಳೇ ಕಾವಲೂ ಇಲ್ಲ, ಹೊಸ ಕಾವಲೂ ಇಲ್ಲ. ಇದು ಮುಗಿಯುವ ತನಕ ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

‘ಆಕ್ಸೆಸ್ ಡಿನೈಡ್’ ವಿಷಯಕ್ಕೆ ಬರೋಣ. ಜನ ಇದನ್ನು ಬೈದುಕೊಳ್ಳುತ್ತಾರೆ. ನಾನಾದರೆ ಅದನ್ನೊಂದು ಸುಳಿವು ಎಂದು ತಗೊಳ್ಳುತ್ತೇನೆ. ವೈರಸ್ ಬಂದು ಮೊದಲು ಕಾವಲುಗಾರನನ್ನೇ ಮುಗಿಸಬಾರದಲ್ವಾ? ಅದಕ್ಕೇ ಹೆಚ್ಚಿನ ಆ್ಯಂಟಿವೈರಸ್‌ಗಳಲ್ಲಿ ಸೆಲ್ಫ್ ಪ್ರೊಟೆಕ್ಷನ್ ಇರುತ್ತದೆ. ಅದರ ಫೋಲ್ಡರನ್ನು ಯಾರೂ ಮುಟ್ಟದ ಹಾಗೆ ಒಂದು ಡ್ರೈವರ್ ಕಾಯುತ್ತಿರುತ್ತದೆ. ಅಡ್ಮಿನ್ ಆಗಿ ಲಾಗಿನ್ ಆದ ನೀವೂ ಅದಕ್ಕೆ ‘ಯಾರೋ’ ಒಬ್ಬರೇ. ಹಾಗಾಗಿ ಫೋಲ್ಡರ್ ಡಿಲೀಟ್ ಆಗುತ್ತಿಲ್ಲ ಎಂದರೆ ಆ ಡ್ರೈವರ್ ಇನ್ನೂ ಜೀವಂತ ಇರುವ ಸಾಧ್ಯತೆ ಜಾಸ್ತಿ.

ಇರಲಿ, ಮೊದಲು ಆ ಮೂಲೆಯ ಸಂದೇಶವನ್ನು ನೋಡಿಬಿಡೋಣ. ಅದು ನಿಮ್ಮ ಹಳೇ ಆ್ಯಂಟಿವೈರಸ್ಸಿನದೇ ಎಂದು ಖಚಿತವೇ? ಸಂದೇಶದಲ್ಲಿ ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂದೋ, ಯಾವುದೋ ವೆಬ್‌ಸೈಟಿನ ವಿಳಾಸವೋ ಇದ್ದರೆ, ಅದಕ್ಕೂ ಆ್ಯಂಟಿವೈರಸ್ಸಿಗೂ ಸಂಬಂಧವೇ ಇಲ್ಲ. ಯಾವುದೋ ಸೈಟಿನಲ್ಲಿ ‘ಅಲೋ’ ಒತ್ತಿದ್ದೀರಿ, ಅವರು ಹೆಸರಾಂತ ಕಂಪನಿಯ ಲೋಗೋ ಹಾಕಿ ಹೆದರಿಸುತ್ತಿದ್ದಾರೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್ ತೆರೆಯಿರಿ. ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆದುಹಾಕಿ. ಸಂದೇಶ ಅಲ್ಲಿಗೇ ನಿಲ್ಲುತ್ತದೆ. ಆ್ಯಂಟಿವೈರಸ್ ಹೋಗುತ್ತಿಲ್ಲ ಎಂದು ಬರುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ ಆಗಿರುತ್ತದೆ. ಆ ಸಂದೇಶದಲ್ಲಿ ಫೋನ್ ನಂಬರ್ ಇದ್ದರೆ ಮಾತ್ರ ಕರೆ ಮಾಡಬೇಡಿ. ‘ರಿಫಂಡ್ ಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ನಿಮ್ಮ ಸ್ಕ್ರೀನನ್ನೇ ಅವರ ಕೈಗೆ ತಗೊಳ್ಳುವ ಆಟ ಅದು. ಹಾಗೆ ದುಡ್ಡು ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈಗ ತೆಗೆಯುವ ಕೆಲಸ. ಅದಕ್ಕೂ ಮುಂಚೆ ಟ್ಯಾಲಿ ಡೇಟಾ, ಕೂಲಿ ಲೆಕ್ಕದ ಎಕ್ಸೆಲ್ ಫೈಲ್‌ಗಳು, ಫೋಟೊ ಎಲ್ಲವನ್ನೂ ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಹಾಕಿಡಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ಎಡವಟ್ಟಾದರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸಲು. ಯುಪಿಎಸ್ ಇಲ್ಲದೆ ಮಾತ್ರ ಶುರು ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನಿಮಗೇ ಗೊತ್ತು, ಇದೇ ತೊಂದರೆ ಎರಡನೇ ಸಲ ಆಗುವುದು ಬೇಡ. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ನೆರೆಮನೆಯವರದ್ದು ಕೇಳಿ ತಂದರೂ ಸರಿ.

ಮೊದಲ ಮದ್ದು ಕೇಳಿದರೆ ವಿಚಿತ್ರ ಅನಿಸಬಹುದು. ಅದೇ ಆ್ಯಂಟಿವೈರಸ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ಹೌದು, ಮತ್ತೆ ಹಾಕಿ. ಕರೆಂಟು ಹೋದಾಗ ಅದರ ಅನ್‌ಇನ್‌ಸ್ಟಾಲರೇ ಮುರಿದಿದೆ. ಯಾವ ಡ್ರೈವರ್ ಎಲ್ಲಿದೆ, ಯಾವ ನೋಂದಣಿ ಎಲ್ಲಿದೆ ಎಂದು ಪೂರ್ತಿ ಗೊತ್ತಿದ್ದದ್ದು ಅದೊಂದಕ್ಕೇ. ಮೇಲಿಂದ ಮೇಲೆ ಹಾಕಿದರೆ ಮುರಿದದ್ದು ಸರಿಹೋಗುತ್ತದೆ, ಪಟ್ಟಿಯಲ್ಲಿ ಹೆಸರು ಮತ್ತೆ ಬರುತ್ತದೆ. ಟ್ರಯಲ್ ಸಾಕು, ಲೈಸೆನ್ಸ್ ಕೊಳ್ಳಬೇಕಿಲ್ಲ. ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಸಣ್ಣ ಡೌನ್‌ಲೋಡರ್ ಸಿಕ್ಕಿದರೆ ಅದು ಇನ್‌ಸ್ಟಾಲ್ ಹೊತ್ತಿನಲ್ಲಿ ನೂರಾರು ಎಂಬಿ ಎಳೆಯುತ್ತದೆ. ತೋಟದ ನೆಟ್ ಅದಕ್ಕೆ ಸಾಲದು. ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆಯೇ ನೋಡಿ, ಪೇಟೆಗೆ ಬಂದಾಗ ಪೆನ್‌ಡ್ರೈವ್‌ನಲ್ಲಿ ತುಂಬಿಸಿಕೊಂಡು ಹೋಗಿ.

ಇನ್‌ಸ್ಟಾಲ್ ಆದ ಮೇಲೆ ಒಮ್ಮೆ ರಿಸ್ಟಾರ್ಟ್. ಆಮೇಲೆ ಆ್ಯಂಟಿವೈರಸ್ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ ಸೆಲ್ಫ್ ಪ್ರೊಟೆಕ್ಷನ್ ಆಫ್ ಮಾಡಿ. ಪಾಸ್‌ವರ್ಡ್ ಇಟ್ಟಿದ್ದರೆ ತೆಗೆಯಿರಿ. ನಂತರ ಸೆಟ್ಟಿಂಗ್ಸ್, ಆ್ಯಪ್ಸ್ ದಾರಿಯಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಈ ಹಂತದಲ್ಲಿ ಅದು ಕೇಳುವ ಪ್ರಶ್ನೆಗಳನ್ನು ನಿಧಾನವಾಗಿ ಓದಿ, ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡಿ. ಪುಣೆಯ ಕ್ವಿಕ್ ಹೀಲ್ ಉದಾಹರಣೆ ತಗೊಳ್ಳಿ. ಅಪ್‌ಡೇಟ್ ಫೈಲ್‌ಗಳನ್ನು ಉಳಿಸಿಕೊಂಡು ತೆಗೆಯುವುದು, ಪೂರ್ತಿಯಾಗಿ ತೆಗೆಯುವುದು ಎಂದು ಎರಡು ಆಯ್ಕೆ ಕೊಡುತ್ತದೆ. ಮೊದಲನೆಯದು ಮತ್ತೆ ಅದನ್ನೇ ಹಾಕುವವರಿಗೆ. ನಿಮಗೆ ಬೇಕಾದದ್ದು ಎರಡನೆಯದು. ‘ಉಳಿಕೆ’ ಎಂದು ಜನ ದೂರುವ ಫೈಲ್‌ಗಳಲ್ಲಿ ಕೆಲವನ್ನು ಉಳಿಸಿ ಎಂದು ಹೇಳಿದವರು ಅವರೇ ಆಗಿರುತ್ತಾರೆ.

ಮುಗಿದ ಮೇಲೆ ರಿಸ್ಟಾರ್ಟ್ ಕೇಳುತ್ತದೆ. ಇಲ್ಲಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಬೇರೆ, ರಿಸ್ಟಾರ್ಟ್ ಮಾಡುವುದು ಬೇರೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದೊಂದು ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು, ಅಂದರೆ ಕರ್ನಲ್ ಮತ್ತು ಡ್ರೈವರ್‌ಗಳು, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಡಲ್ಪಡುತ್ತವೆ. ಮರುದಿನ ಆನ್ ಮಾಡಿದರೆ ಅದೇ ಹಳೇ ಸ್ಥಿತಿ ಎದ್ದು ಬರುತ್ತದೆ. ಬಳಕೆಯಲ್ಲಿದ್ದ ಡ್ರೈವರ್ ಫೈಲ್ ಅಳಿಯುವುದು ಹೊಸದಾಗಿ ಬೂಟ್ ಆಗುವಾಗ. ರಿಸ್ಟಾರ್ಟ್ ಒತ್ತಿದರೆ ಮಾತ್ರ ಅದು ಖಂಡಿತ ನಡೆಯುತ್ತದೆ.

ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ ‘ಈಗಾಗಲೇ ಇದೆ’ ಎಂದು ಹಟ ಹಿಡಿಯುತ್ತದೆಯೇ? ಆಗ ಎರಡನೇ ಮದ್ದು, ಕಂಪನಿಯದೇ ರಿಮೂವಲ್ ಟೂಲ್. ಇಂಥ ಪ್ರಸಂಗಕ್ಕೆಂದೇ ಹೆಚ್ಚಿನ ಕಂಪನಿಗಳು ಪುಟ್ಟದೊಂದು ಟೂಲ್ ಪುಕ್ಕಟೆ ಕೊಡುತ್ತವೆ. ಮೆಕಾಫಿಯದಕ್ಕೆ ಎಂಸಿಪಿಆರ್ ಎಂದು ಹೆಸರು. ಅವಾಸ್ಟ್‌ದು ಅವಾಸ್ಟ್ ಕ್ಲಿಯರ್, ಅದು ತಾನೇ ಸೇಫ್ ಮೋಡ್‌ಗೆ (ತೀರಾ ಅಗತ್ಯವಾದವುಗಳ ಜೊತೆ ಮಾತ್ರ ವಿಂಡೋಸ್ ಏಳುವ ಸ್ಥಿತಿ) ಹೋಗೋಣವೇ ಎಂದು ಕೇಳುತ್ತದೆ. ಕ್ಯಾಸ್ಪರ್‌ಸ್ಕಿಯದು ಕೆಎವಿ ರಿಮೂವರ್. ನಾರ್ಟನ್‌ದು ರಿಮೂವ್ ಆ್ಯಂಡ್ ರಿಇನ್‌ಸ್ಟಾಲ್ ಎಂಬ ಟೂಲ್, ಅದರ ಅಡ್ವಾನ್ಸ್ಡ್ ಆಯ್ಕೆಯಲ್ಲಿ ‘ರಿಮೂವ್ ಓನ್ಲಿ’ ಆರಿಸದಿದ್ದರೆ ತೆಗೆದು ಮತ್ತೆ ಹಾಕಿಬಿಡುತ್ತದೆ! ಇಸೆಟ್‌ನ ಟೂಲನ್ನು ಸೇಫ್ ಮೋಡ್‌ನಲ್ಲಿ ನಡೆಸಬೇಕು, ನಡೆಸಿದ ಮೇಲೆ ನೆಟ್‌ವರ್ಕ್ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಹೋಗುವುದೂ ಉಂಟು. ನೀವು ಬಳಸಿದ ಕಂಪನಿ ಯಾವುದು ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಯಾವುದಾದರೂ ಆಗಲಿ, ಅವರ ಸೈಟಿನ ಸಪೋರ್ಟ್ ವಿಭಾಗದಲ್ಲಿ ಹುಡುಕಿ. ಯಾರದೋ ಪೆನ್‌ಡ್ರೈವ್‌ನಲ್ಲಿರುವ ವರ್ಷಗಳ ಹಿಂದಿನ ಟೂಲ್ ಬೇಡ, ಹೊಸ ಆವೃತ್ತಿಗಳನ್ನು ಅದು ಗುರುತು ಹಿಡಿಯುವುದಿಲ್ಲ.

ಗೂಗಲ್‌ನಲ್ಲಿ ಹುಡುಕುವಾಗ ಮೇಲೆಯೇ ಬರುವ ಜಾಹೀರಾತುಗಳನ್ನು ಬಿಟ್ಟುಬಿಡಿ. ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಆ್ಯಂಟಿವೈರಸ್ ತೆಗೆಯುತ್ತೇವೆ’ ಎನ್ನುವವರ ಸಾಫ್ಟ್‌ವೇರನ್ನು ತೆಗೆಯಲು ಮುಂದೆ ಇನ್ನೊಂದು ಪ್ರಶ್ನೆ ಬರೆಯಬೇಕಾದೀತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ‘ಸ್ವಚ್ಛ’ ಮಾಡುವ ರಿಜಿಸ್ಟ್ರಿ ಕ್ಲೀನರ್‌ಗಳೂ ಬೇಡ. ಅವುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ.

ಸೇಫ್ ಮೋಡ್‌ಗೆ ಹೋಗಬೇಕಾಗಿ ಬಂದರೆ: ಶಿಫ್ಟ್ ಕೀ ಹಿಡಿದುಕೊಂಡು ರಿಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್. ಆಮೇಲೆ 4 ಒತ್ತಿ. ಎರಡು ಎಚ್ಚರಿಕೆ. ವಿಂಡೋಸ್ 11 ಇರುವ ಅನೇಕ ಕಂಪ್ಯೂಟರ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗಲೇ ಡಿಸ್ಕ್ ಎನ್‌ಕ್ರಿಪ್ಶನ್, ಅಂದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್, ಆನ್ ಆಗಿರುತ್ತದೆ. ಆಗ ಈ ದಾರಿಯಲ್ಲಿ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಬಹುದು. ಅದು ನಿಮ್ಮ ಖಾತೆಯಲ್ಲಿ ಇರುತ್ತದೆ, ಮೊದಲೇ ಫೋನಿನಲ್ಲಿ ಲಾಗಿನ್ ಆಗಿ ಬರೆದಿಟ್ಟುಕೊಳ್ಳಿ. ಇನ್ನೊಂದು, ಸೇಫ್ ಮೋಡ್‌ನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡ್ ನೆನಪಿರಬೇಕು. ಮತ್ತೆ, ಸಾಮಾನ್ಯ ಅನ್‌ಇನ್‌ಸ್ಟಾಲನ್ನು ಸೇಫ್ ಮೋಡ್‌ನಲ್ಲಿ ಮಾಡಲು ಹೋಗಬೇಡಿ. ವಿಂಡೋಸ್ ಇನ್‌ಸ್ಟಾಲರ್ ಸರ್ವೀಸ್ ಅಲ್ಲಿ ಓಡುವುದಿಲ್ಲ, ಅದನ್ನು ನಂಬಿದ ಸಾಫ್ಟ್‌ವೇರ್ ಅಲ್ಲಿ ತೆಗೆಯಲು ಬರುವುದಿಲ್ಲ. ಸೇಫ್ ಮೋಡ್ ಇರುವುದು ರಿಮೂವಲ್ ಟೂಲಿಗೆ.

ಇಷ್ಟಾದರೆ ಹೆಚ್ಚಿನವರಿಗೆ ಕೆಲಸ ಮುಗಿದ ಹಾಗೆ. ನಿಜವಾಗಿ ಹೋಯಿತೇ ಎಂದು ನೋಡುವ ಬಗೆ ಹೇಳುತ್ತೇನೆ.

ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಅಲ್ಲಿ ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರಗಳನ್ನು ಒಟ್ಟಿಗೆ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್‌ಗಳ ಮೇಲೆ ಕಣ್ಣಿಟ್ಟಿರುವ ಎಲ್ಲ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆ ಆಲ್ಟಿಟ್ಯೂಡ್ ಎಂಬ ಸಂಖ್ಯೆ ಇರುತ್ತದೆ. ಫೈಲ್ ಡಿಸ್ಕಿಗೆ ಹೋಗುವ ದಾರಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಹೇಳುವ ಸಂಖ್ಯೆ ಅದು. 320000ದಿಂದ 329998ರ ನಡುವಿನ ಜಾಗವನ್ನು ಮೈಕ್ರೋಸಾಫ್ಟ್ ಆ್ಯಂಟಿವೈರಸ್‌ಗಳಿಗೆಂದೇ ಮೀಸಲಿಟ್ಟಿದೆ. ಡಿಫೆಂಡರ್‌ದು ಡಬ್ಲ್ಯುಡಿಫಿಲ್ಟರ್, ಅದರ ಸಂಖ್ಯೆ 328010. ಈ ನಡುವಿನಲ್ಲಿ ಅದೊಂದೇ ಇದ್ದರೆ ಹಳೇ ಆ್ಯಂಟಿವೈರಸ್ಸಿನ ಮುಖ್ಯ ಡ್ರೈವರ್ ಹೋಗಿದೆ. ಬೇರೆ ಹೆಸರಿದ್ದರೆ ಇನ್ನೂ ಇದೆ. ಈ ಅಂಕಿಗಳ ಹೊರಗೆ ಕಾಣುವವುಗಳಲ್ಲಿ ವಿಂಡೋಸ್‌ನವೇ ಸುಮಾರು ಇರುತ್ತವೆ, ಹೆಸರು ವಿಚಿತ್ರವಾಗಿದೆ ಎಂದು ಅವುಗಳ ತಂಟೆಗೆ ಹೋಗಬೇಡಿ.

ಇನ್ನೂ ವಿವರ ಬೇಕೆಂದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಆಟೋರನ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತದೆ. ಅಡ್ಮಿನ್ ಆಗಿ ತೆರೆದು, ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡುವ ಆಯ್ಕೆ ಕೊಡಿ. ವಿಂಡೋಸ್ ಜೊತೆ ಏಳುವ ಹೊರಗಿನವರೆಲ್ಲ ಕಾಣುತ್ತಾರೆ: ಸರ್ವೀಸ್‌ಗಳು, ಡ್ರೈವರ್‌ಗಳು, ಶೆಡ್ಯೂಲ್ಡ್ ಟಾಸ್ಕ್‌ಗಳು. ಹಳದಿ ಬಣ್ಣದಲ್ಲಿ ಇರುವುದು ಹೆಸರು ಮಾತ್ರ ಉಳಿದು ಫೈಲ್ ಇಲ್ಲದವು. ಸರ್ವೀಸ್ ಮತ್ತು ಟಾಸ್ಕ್‌ಗಳಲ್ಲಿ ಹಳೇ ಕಂಪನಿಯ ಹೆಸರಿದ್ದರೆ ಟಿಕ್ ತೆಗೆದು ರಿಸ್ಟಾರ್ಟ್ ಮಾಡಿ, ಎರಡು ದಿನ ಬಳಸಿ ನೋಡಿ, ಆಮೇಲೆ ಬೇಕಾದರೆ ಡಿಲೀಟ್ ಮಾಡಿ.

ಡ್ರೈವರ್ ಟ್ಯಾಬ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಫಾರ್ಮ್ಯಾಟ್ ತನಕ ಹೋಗುವವರು ಎಡವುವುದು ಇಲ್ಲೇ. ನಿಮ್ಮ ತೋಟದ ಸ್ಪ್ರಿಂಕ್ಲರ್ ಲೈನಿನ ಮಧ್ಯೆ ಫಿಲ್ಟರ್ ಕೂರಿಸಿರುತ್ತೀರಲ್ವಾ? ಫಿಲ್ಟರ್ ಕಿತ್ತು, ಪೈಪಿನ ಎರಡು ತುದಿ ಸೇರಿಸದೆ ಮೋಟರ್ ಹಾಕಿದರೆ ನೀರು ಗಿಡಕ್ಕೆ ಹೋಗುವುದಿಲ್ಲ. ಕೆಲವು ಆ್ಯಂಟಿವೈರಸ್ ಡ್ರೈವರ್‌ಗಳು ಕೀಬೋರ್ಡ್, ಡಿಸ್ಕ್, ನೆಟ್‌ವರ್ಕ್ ಸಾಲಿನಲ್ಲಿ ಹಾಗೆಯೇ ಕೂತಿರುತ್ತವೆ. ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್ ಎಂಬ ಕಡೆ ‘ಕೀಬೋರ್ಡ್ ನಡೆಯಬೇಕಾದರೆ ಮೊದಲು ಈ ಡ್ರೈವರ್ ಬೇಕು’ ಎಂದು ಬರೆದಿರುತ್ತದೆ. ಆ ಸಾಲು ಹಾಗೇ ಇದ್ದು ಡ್ರೈವರ್ ಫೈಲ್ ಮಾತ್ರ ಡಿಲೀಟ್ ಮಾಡಿದರೆ ಕೀಬೋರ್ಡ್ ಸಾಯುತ್ತದೆ. ಡಿಸ್ಕಿನದಾದರೆ ವಿಂಡೋಸ್ ಮೇಲೇಳುವುದೇ ಇಲ್ಲ. ಸಿಸ್ಟಮ್32 ಒಳಗಿನ ಡ್ರೈವರ್ಸ್ ಫೋಲ್ಡರಿಗೆ ಹೋಗಿ ಡಿಲೀಟ್ ಒತ್ತಬೇಡಿ ಎನ್ನುವುದು ಈ ಕಾರಣಕ್ಕೆ. ಅಲ್ಲಿ ಏನಾದರೂ ಉಳಿದಿದ್ದರೆ ಕಂಪನಿಯ ಟೂಲನ್ನೇ ಇನ್ನೊಮ್ಮೆ ನಡೆಸಿ. ಇಲ್ಲವೇ ಫಿಲ್ಟರ್ ಪಟ್ಟಿಯ ಚಿತ್ರ ತೆಗೆದು ಅವರ ಸಪೋರ್ಟ್‌ಗೆ ಕಳಿಸಿ.

ಸೆಕ್ಯುರಿಟಿ ಡ್ರೈವರ್‌ಗೆ ಎಷ್ಟು ಬಲ ಇದೆ ಎಂದು ಸಂಶಯ ಇದ್ದರೆ 2024ರ ಜುಲೈ 19 ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದು ಕೊಟ್ಟರು. ಅದಕ್ಕೆ ಪರಿಹಾರವೂ ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನು ಅಳಿಸುವುದೇ ಆಗಿತ್ತು. ಅಲ್ಲೂ ಬಹಳ ಜನ ಸಿಕ್ಕಿಬಿದ್ದದ್ದು ಬಿಟ್‌ಲಾಕರ್ ಕೀ ಹುಡುಕುವುದರಲ್ಲಿ.

ಆ್ಯಂಟಿವೈರಸ್ ತೆಗೆದ ಮೇಲೆ ಇಂಟರ್ನೆಟ್ಟೇ ಹೋಗಿದ್ದರೆ ಗಾಬರಿ ಬೇಡ. ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಹಳೇ ಕಂಪನಿಯ ಫಿಲ್ಟರ್ ಇದ್ದರೆ ಆರಿಸಿ ಅನ್‌ಇನ್‌ಸ್ಟಾಲ್ ಕೊಡಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರಿಸೆಟ್ ಇದೆ. ಅದಾದ ಮೇಲೆ ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕು, ವಿಪಿಎನ್ ಇದ್ದರೆ ಅದನ್ನೂ ಹೊಸದಾಗಿ ಹೊಂದಿಸಬೇಕು.

ಇನ್ನೊಂದು ಉಳಿಕೆಯನ್ನು ಯಾರೂ ನೋಡುವುದಿಲ್ಲ: ಸರ್ಟಿಫಿಕೇಟ್. ಬ್ಯಾಂಕಿನಂಥ ಸುರಕ್ಷಿತ ಸೈಟುಗಳ ಒಳಗೂ ಇಣುಕಿ ನೋಡಲು ಕೆಲವು ಆ್ಯಂಟಿವೈರಸ್‌ಗಳು ತಮ್ಮದೇ ರೂಟ್ ಸರ್ಟಿಫಿಕೇಟನ್ನು (ಯಾವ ಸೈಟು ಅಸಲಿ ಎಂದು ನಂಬಲು ವಿಂಡೋಸ್ ಬಳಸುವ ಪ್ರಮಾಣಪತ್ರ) ವಿಂಡೋಸ್‌ಗೆ ಸೇರಿಸುತ್ತವೆ. ಸ್ಟಾರ್ಟ್‌ನಲ್ಲಿ ‘ಮ್ಯಾನೇಜ್ ಕಂಪ್ಯೂಟರ್ ಸರ್ಟಿಫಿಕೇಟ್ಸ್’ ಎಂದು ಹುಡುಕಿ, ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ಹಳೇ ಕಂಪನಿಯ ಹೆಸರಿದ್ದರೆ ಅದೊಂದನ್ನು ಡಿಲೀಟ್ ಮಾಡಿ. ಉಳಿದವನ್ನು ಮುಟ್ಟಬೇಡಿ. ಬ್ರೌಸರಿನ ಎಕ್ಸ್‌ಟೆನ್ಶನ್‌ಗಳನ್ನೂ ಹಾಗೇ ಒಮ್ಮೆ ನೋಡಿ.

ಫೋಲ್ಡರ್ ಬಗ್ಗೆ ಕೇಳಿದ್ದಿರಿ. ಫಿಲ್ಟರ್ ಪಟ್ಟಿ ಸ್ವಚ್ಛ ಇದ್ದರೆ ಈಗ ಅದು ಸಾಮಾನ್ಯವಾಗಿ ಸಲೀಸಾಗಿ ಡಿಲೀಟ್ ಆಗುತ್ತದೆ. ಪ್ರೋಗ್ರಾಂ ಫೈಲ್ಸ್ ಎರಡರಲ್ಲೂ ನೋಡಿ. ಪ್ರೋಗ್ರಾಂ ಡೇಟಾ ಮರೆಯಾಗಿರುತ್ತದೆ, ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಕಾಣುತ್ತದೆ. ಡ್ರೈವರ್ ಹೋಗಿಯೂ ಫೋಲ್ಡರ್ ಬಗ್ಗುತ್ತಿಲ್ಲವೆಂದರೆ ಉಳಿದಿರುವುದು ಬರೀ ಪರ್ಮಿಶನ್ ತಕರಾರು. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಒಳಗೆ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿ, ನಿಮಗೆ ಫುಲ್ ಕಂಟ್ರೋಲ್ ಕೊಟ್ಟುಕೊಂಡು ತೆಗೆಯಿರಿ. ಕ್ವಾರಂಟೈನ್ ಫೋಲ್ಡರ್ ಉಳಿದಿದ್ದರೆ ಡಿಫೆಂಡರ್ ಎದ್ದ ಕೂಡಲೇ ‘ವೈರಸ್ ಸಿಕ್ಕಿತು’ ಎಂದು ಕೂಗಬಹುದು. ಅದು ಹಳೆಯವನು ಹಿಡಿದಿಟ್ಟಿದ್ದ ಕಳ್ಳನೇ, ಡಿಲೀಟ್ ಮಾಡಲು ಬಿಡಿ. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರಿಗೆ ಮಾತ್ರ ಕೈ ಹಾಕಬೇಡಿ. ಬೇರೆ ಸಾಫ್ಟ್‌ವೇರ್‌ಗಳನ್ನು ತೆಗೆಯಲು, ಸರಿಮಾಡಲು ಬೇಕಾದ ಫೈಲ್‌ಗಳು ಅಲ್ಲಿರುತ್ತವೆ.

ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಹಳೇ ಹೆಸರು ಹೋಗಿ ಡಿಫೆಂಡರ್ ಬಂದಿರಬೇಕು. ಅಪ್‌ಡೇಟ್ ಕೊಟ್ಟು, ರಾತ್ರಿ ಫುಲ್ ಸ್ಕ್ಯಾನ್‌ಗೆ ಬಿಡಿ. ತೋಟದ ಲೆಕ್ಕಪತ್ರ, ಮೇಲ್, ಬ್ಯಾಂಕ್ ಕೆಲಸಕ್ಕೆ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಬೇರೆ ಆ್ಯಂಟಿವೈರಸ್ ಬೇಕೇ ಬೇಕು ಎಂದರೆ ಹಾಕಿ, ಆದರೆ ಹಳೆಯದು ಪೂರ್ತಿ ಹೋದ ಮೇಲೆ. ಒಂದೇ ಯಂತ್ರದಲ್ಲಿ ಎರಡು ಇದ್ದರೆ ಒಂದರ ಫೈಲನ್ನು ಇನ್ನೊಂದು ತಪಾಸಣೆ ಮಾಡುತ್ತಾ ಕೂರುತ್ತದೆ, ಕಂಪ್ಯೂಟರ್ ತೆವಳುತ್ತದೆ.

ಇದೆಲ್ಲ ಮಾಡಿಯೂ ಡಿಫೆಂಡರ್ ಏಳದಿದ್ದರೆ ಆಗ ಸೆಟ್ಟಿಂಗ್ಸ್, ರಿಕವರಿಯಲ್ಲಿರುವ ‘ರಿಸೆಟ್ ದಿಸ್ ಪಿಸಿ’. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಫೈಲ್‌ಗಳು ಉಳಿಯುತ್ತವೆ, ಹೊರಗಿನಿಂದ ಹಾಕಿದ ಸಾಫ್ಟ್‌ವೇರ್‌ಗಳೆಲ್ಲ ಹೋಗುತ್ತವೆ. ಏನೇನು ಹೋಯಿತು ಎಂಬ ಪಟ್ಟಿಯನ್ನು ಡೆಸ್ಕ್‌ಟಾಪ್‌ನಲ್ಲಿ ಇಟ್ಟಿರುತ್ತದೆ. ಅದನ್ನು ನೀವೇ ಮಾಡಿದರೂ, ಅಂಗಡಿಯವರಿಗೆ ಕೊಟ್ಟರೂ, ಅದಕ್ಕೆ ಮೊದಲು ಟ್ಯಾಲಿಯ ಲೈಸೆನ್ಸ್ ಸರೆಂಡರ್ ಮಾಡಿ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದರ ಸಾಫ್ಟ್‌ವೇರ್, ಪ್ರಿಂಟರ್‌ನ ಡ್ರೈವರ್, ನುಡಿ ಅಥವಾ ಬರಹ ಬಳಸುತ್ತಿದ್ದರೆ ಅವುಗಳ ಇನ್‌ಸ್ಟಾಲರ್, ಎಲ್ಲವನ್ನೂ ಮೊದಲೇ ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟುಕೊಳ್ಳಿ. ಅಂಗಡಿಯವರ ಬಳಿ ಹೋದರೆ ‘ರಿಮೂವಲ್ ಟೂಲ್ ಹಾಕಿ ನೋಡಿದಿರಾ?’ ಎಂದು ಮೊದಲು ಕೇಳಿ. ನೋಡಿಲ್ಲ ಎಂದರೆ, ಮೊದಲು ಅದನ್ನು ಮಾಡಿ ಆಮೇಲೆ ಫಾರ್ಮ್ಯಾಟ್ ಮಾತು ಎಂದು ಹೇಳಿ.